ಗುಬ್ಬಿಯ ಮೂಗು

ಆ ಚಳಿಗಾಲದಲ್ಲಿ ನನ್ನ ನಾದಿನಿ ತಾನಾಗಿಯೇ ಬಂದು "ಅತ್ತಿಗೆ, ಒಂದು ಆಟ ಆಡೋಣ್ವಾ?" ಎಂದು ಕೇಳಿದಾಗಲೇ ನನಗೆ ಅನುಮಾನ ಬಂದಿತ್ತು. ಆಟ ಎಂದರೆ ಮುಖ ಸಿಂಡರಿಸುವ ಹೆಂಗಸು ಅವಳು. ಇಸ್ಪೀಟು ಸೋಮಾರಿಗಳದ್ದು, ಪದಬಂಧ ಪಿಂಚಣಿದಾರರದ್ದು, ಚದುರಂಗ ಜಗಳಗಂಟರದ್ದು ಎಂದು ಒಂದೊಂದನ್ನೂ ಒಂದೊಂದು ಜಾತಿಯ ಜನಕ್ಕೆ ಹಂಚಿ ಕೈತೊಳೆದುಕೊಂಡಿದ್ದವಳು.

ಕಾಯಿಲೆ ಊರನ್ನೆಲ್ಲ ಬಾಗಿಲು ಹಾಕಿಸಿದ್ದ ಕಾಲ. ಬೆಳಗಾದರೂ ಬೆಳಕಾಗುತ್ತಿರಲಿಲ್ಲ. ಎರಡನೇ ಮಹಡಿಯ ನಮ್ಮ ಕಿಟಕಿಯಿಂದ ನೋಡಿದರೆ ಎದುರಿಗೆ ಮುಚ್ಚಿದ ಬಟ್ಟೆ ಅಂಗಡಿ, ಅದರ ಗಾಜಿನೊಳಗೆ ಬೇಸಿಗೆಯ ಅಂಗಿ ತೊಟ್ಟುಕೊಂಡೇ ನಿಂತಿದ್ದ ಗೊಂಬೆ. "ಪಾಪ, ಅದಕ್ಕಾದರೂ ಯಾರಾದರೂ ಒಂದು ಸ್ವೆಟರ್ ಹಾಕಬಾರದೆ" ಎಂದು ನಾವಿಬ್ಬರೂ ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದೆವು. ನಮ್ಮ ಮಾತಿನ ಬಂಡವಾಳ ಅಷ್ಟಕ್ಕೆ ಇಳಿದಿತ್ತು.

ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತಾರೆ. ಹುಟ್ಟಿದಾಗ ಅಷ್ಟಿದ್ದಳಂತೆ. ನಾನು ಮದುವೆಯಾಗಿ ಬರುವ ಹೊತ್ತಿಗಾಗಲೇ ಬಾಗಿಲು ತುಂಬುವ ಹಾಗಿದ್ದಳು, ಹೆಸರು ಮಾತ್ರ ಬೆಳೆದಿರಲಿಲ್ಲ. ಮದುವೆ ಆಗಲಿಲ್ಲ, ಬೇಕೆಂದೂ ಅನ್ನಲಿಲ್ಲ. ಅವಳ ಅಣ್ಣ, ಎಂದರೆ ನನ್ನ ಯಜಮಾನರು, ತೀರಿಕೊಂಡ ಮೇಲೆ ಎರಡು ಪೆಟ್ಟಿಗೆ ಹಿಡಿದುಕೊಂಡು ನನ್ನ ಜೊತೆ ಇರಲು ಬಂದಳು. "ನಿಮ್ಮನ್ನ ನೋಡ್ಕೊಳ್ಳೋಕೆ ಬಂದಿಲ್ಲ, ನನ್ನ ಮನೆ ಸೋರುತ್ತೆ, ಅದಕ್ಕೆ ಬಂದೆ" ಎಂದಳು. ಅವಳ ಮನೆ ಸೋರುತ್ತಿರಲಿಲ್ಲ. ನಾನೇ ನೋಡಿದ್ದೆ.

ಅವಳು ಕೆಲಸ ಮಾಡಿದ್ದು ಸಾಬೂನಿನ ಕಾರ್ಖಾನೆಯಲ್ಲಿ, ವಾಸನೆಯ ವಿಭಾಗದಲ್ಲಿ. ಅಂಥದ್ದೊಂದು ವಿಭಾಗ ಇರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಹೊಸ ಸಾಬೂನು ಮಾರುಕಟ್ಟೆಗೆ ಬರುವ ಮೊದಲು ಅದರ ಪರಿಮಳ ಹೇಗಿದೆ, ವಾರ ಕಳೆದ ಮೇಲೆ ಕಮಟಾಗುತ್ತದೆಯೇ, ಒದ್ದೆ ಕೈಯಲ್ಲಿ ಒಂದು ರೀತಿ ಒಣಕೈಯಲ್ಲಿ ಇನ್ನೊಂದು ರೀತಿ ಬರುತ್ತದೆಯೇ ಎಂದು ಮೂಸಿ ಹೇಳುವುದು ಅಲ್ಲಿನ ಕೆಲಸ. ಗುಬ್ಬಿ ಬೇಡ ಎಂದ ಸಾಬೂನು ಅಂಗಡಿಯ ಮುಖ ನೋಡುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ರಸ್ತೆಯಲ್ಲಿ ಯಾರಾದರೂ ಪಕ್ಕದಲ್ಲಿ ಹಾದುಹೋದರೆ "ನಮ್ಮದು, ಹಸಿರು ಹೊದಿಕೆಯದು" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು.

ಕಾಯಿಲೆ ಬಂದದ್ದೇ ತಡ, ಆ ವಿಭಾಗದಲ್ಲಿ ಅರ್ಧ ಜನಕ್ಕೆ ಮೂಗೇ ಹೋಯಿತು. ಜ್ವರ ಬಿಟ್ಟರೂ ವಾಸನೆ ತಿರುಗಿ ಬರಲಿಲ್ಲ. ಈಗ ಅಲ್ಲಿ ಮುಖ್ಯಸ್ಥನಾಗಿರುವವನು ಗುಬ್ಬಿಯೇ ಪಳಗಿಸಿದ ಹುಡುಗ. ಮೊದಲ ವರ್ಷವೆಲ್ಲ ಪ್ರತಿ ಸೀಸೆಗೂ ಸೀನುತ್ತಿದ್ದನಂತೆ, ಅದಕ್ಕೇ ಅವನಿಗೆ ಇವಳು ಸೀನಣ್ಣ ಎಂದೇ ಹೆಸರಿಟ್ಟಿದ್ದಳು. ಅವನೇ ಫೋನು ಮಾಡಿ, "ಅಮ್ಮ, ನೀವು ಮನೆಯಲ್ಲೇ ಕೂತು ಮೂಸಿ ಹೇಳಿದರೆ ಸಾಕು, ಇಲ್ಲಿ ಯಾರನ್ನೂ ನಂಬೋ ಹಾಗಿಲ್ಲ" ಎಂದ. ಅಂದಿನಿಂದ ವಾರಕ್ಕೊಂದು ಮರದ ಪೆಟ್ಟಿಗೆ ನಮ್ಮ ಬಾಗಿಲಿಗೆ ಬರತೊಡಗಿತು. ತಂದವನು ಬೆಲ್ ಒತ್ತಿ ದೂರ ಸರಿದು ನಿಲ್ಲುತ್ತಿದ್ದ. ಪೆಟ್ಟಿಗೆಯನ್ನು ಮಾತ್ರ ನೆಲದ ಮೇಲಿಡದೆ, ಒದ್ದೆಯಾಗದ ಹಾಗೆ, ಮೆಟ್ಟಿಲ ಕಂಬಿಗೂ ಗೋಡೆಗೂ ನಡುವೆ ಸಿಕ್ಕಿಸಿ ಇಡುತ್ತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ ಅವನಿಗೆ.

ಒಳಗೆ ಹತ್ತಿಯಲ್ಲಿ ಸುತ್ತಿದ ಬೆರಳುದ್ದದ ಸೀಸೆಗಳು. ಗುಬ್ಬಿ ಕಿಟಕಿಯ ಬಳಿ ಕೂತು, ಕಾಗದದ ಪಟ್ಟಿ ಅದ್ದಿ, ಮೂಗಿನ ಮುಂದೆ ಬೀಸಿಕೊಂಡು, ಕಣ್ಣು ಮುಚ್ಚಿ, "ತಡಿ... ತಡಿ..." ಎಂದು ತನಗೆ ತಾನೇ ಹೇಳಿಕೊಳ್ಳುವುದನ್ನು ನೋಡುವುದೇ ನನಗೊಂದು ಸಡಗರವಾಗಿತ್ತು. ಹತ್ತು ವರ್ಷ ಚಿಕ್ಕವಳಾದ ಹಾಗೆ ಕಾಣುತ್ತಿದ್ದಳು.

ಇದಾದ ಮೇಲೆ, ಚಳಿ ಬಲಿತ ಒಂದು ಬೆಳಗ್ಗೆ, ಅವಳು ತನ್ನ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. "ಸೊಂಟ ಹಿಡಿದಿದೆ. ಒಳಗೆ ಬರಬೇಡಿ. ತಟ್ಟೆ ಬಾಗಿಲಲ್ಲಿಡಿ" ಎಂದಳು ಒಳಗಿನಿಂದ. ಹಿಂದಿನ ದಿನ ನಮಗೆ ಹೀಟರಿನ ವಿಷಯಕ್ಕೆ ಸ್ವಲ್ಪ ಮಾತಿಗೆ ಮಾತಾಗಿತ್ತು. ಇರುವುದು ಒಂದೇ ಹೀಟರು, ಅವಳು ಅದನ್ನು ನನ್ನ ಕಡೆ ತಿರುಗಿಸುತ್ತಾಳೆ, ನಾನು ಅವಳ ಕಡೆ, ಕೊನೆಗೆ ಅದು ಗೋಡೆಗೆ ಶಾಖ ಕೊಡುತ್ತಿರುತ್ತದೆ. ಸಿಟ್ಟು ಬಂದಿರಬೇಕು ಎಂದುಕೊಂಡೆ. ಬಾಗಿಲ ಕೆಳಗಿನ ಸಂದಿಗೆ ಟವೆಲ್ಲು ತುರುಕಿದ್ದಳು. ನನ್ನ ಸದ್ದೂ ಕೇಳಬಾರದೆಂದೇ ಹೀಗೆ ಮಾಡಿದ್ದಾಳೆ ಎಂದು ನನಗೂ ಮುನಿಸು ಬಂತು. ವಾರ ಕಳೆದು, ಅದರ ಮೇಲೂ ಕೆಲವು ದಿನ ಕಳೆದು ಹೊರಬಂದಳು. ಮುಖ ಬಿಳಿಚಿಕೊಂಡಿತ್ತು. ಸೊಂಟ ಹಿಡಿದವಳು ನೆಟ್ಟಗೇ ನಡೆಯುತ್ತಿದ್ದಳು.

ಹೊರಬಂದ ಎರಡು ದಿನಕ್ಕೇ ಈ ಆಟ.

"ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಬೇಕು" ಎಂದು ನಿಯಮ ಹೇಳಿದಳು. "ನಾನು ಏನಾದರೂ ಮೂಸೋಕೆ ಕೊಡ್ತೀನಿ. ಏನು ಅಂತ ಹೇಳಿದರೆ ಸಾಲದು ಅತ್ತಿಗೆ. ಆ ವಾಸನೆ ನಿಮ್ಮನ್ನ ಎಲ್ಲಿಗೆ ಕರಕೊಂಡು ಹೋಗುತ್ತೆ, ಅದನ್ನೂ ಹೇಳಬೇಕು. ಆಮೇಲೆ ನಿಮ್ಮ ಸರದಿ, ನೀವು ನನಗೆ ಕೊಡಿ."

"ಇಷ್ಟು ವರ್ಷ ಇಲ್ಲದ ಆಟ ಈಗ ಎಲ್ಲಿಂದ ಬಂತೇ?"

"ಬೇಜಾರು ಅತ್ತಿಗೆ. ಆ ಗೊಂಬೆಗೆ ಎಷ್ಟು ದಿನ ಅಂತ ಸ್ವೆಟರ್ ಹಾಕ್ತಾ ಕೂರೋದು?"

ಆಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ನಾನು ಯಜಮಾನರ ಹಳೆಯ ಮಫ್ಲರನ್ನು ಕಣ್ಣಿಗೆ ಕಟ್ಟಿಕೊಂಡು ಕೂರುತ್ತಿದ್ದೆ. ಪೆನ್ಸಿಲ್ ಹೆರೆದ ಚೂರು, ಬೂಟಿನ ಪಾಲಿಶ್, ಒಣಗಿದ ಕಿತ್ತಳೆ ಸಿಪ್ಪೆ, ಹಳೆಯ ನಿಘಂಟಿನ ಹಾಳೆ ಒಂದೊಂದೇ ಮೂಗಿನ ಹತ್ತಿರ ಬರುತ್ತಿದ್ದವು. ನಡುನಡುವೆ ಅವಳ ಸೀಸೆಯ ಪಟ್ಟಿಗಳೂ ಬರುತ್ತಿದ್ದವು. "ಇದು ಸುಮ್ಮನೆ, ನಿಮಗೆ ಹೇಗನ್ನಿಸುತ್ತೆ ಅಂತ" ಎನ್ನುತ್ತಿದ್ದಳು. ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಒಂದು ಪಟ್ಟಿ ಹೊಸ ಚಪ್ಪಲಿ ಕೊಳ್ಳಲು ಹೋದ ಅಂಗಡಿಯಾಯಿತು. ಇನ್ನೊಂದು ಬಿಸಿಲಿನಲ್ಲಿ ನಿಂತ ಬಸ್ಸಿನ ಸೀಟು. ಮೊದಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಮನೆಯಿಂದ ಹೊರಗೆ ಕಾಲಿಡದೆ ಎಲ್ಲೆಲ್ಲೋ ತಿರುಗಾಡಿ ಬಂದ ಹಾಗೆ ಹಗುರಾಗುತ್ತಿತ್ತು.

ಅನುಮಾನ ಬಲವಾದದ್ದು ಅವಳ ಸರದಿಯಲ್ಲಿ.

ನನ್ನ ಕೆಲಸದ ವಿಷಯ ಇಲ್ಲಿ ಹೇಳಬೇಕು. ನಾನು ನಿವೃತ್ತಿಯವರೆಗೂ ಇದ್ದದ್ದು ಬಸ್ ನಿಲ್ದಾಣದಲ್ಲಿ, ಕಳೆದುಹೋದ ಸಾಮಾನುಗಳ ಕಚೇರಿಯಲ್ಲಿ. ಜನ ಬಸ್ಸಿನಲ್ಲಿ ಮರೆತದ್ದೆಲ್ಲ ನನ್ನ ಕಪಾಟಿಗೆ ಬರುತ್ತಿತ್ತು. ಅದನ್ನು ಕೇಳಿಕೊಂಡು ಬರುವವರಲ್ಲಿ ನಿಜವಾದ ವಾರಸುದಾರರೂ ಇರುತ್ತಿದ್ದರು, ಮಳೆ ಬಂತೆಂದು ಒಂದು ಛತ್ರಿ ಗಿಟ್ಟೀತೇ ನೋಡೋಣ ಎಂದು ಬಂದವರೂ ಇರುತ್ತಿದ್ದರು. "ಹಿಡಿ ಯಾವ ಬಣ್ಣ?" ಎಂದು ಕೇಳಿದರೆ ಕಳ್ಳ ತಟಕ್ಕನೆ "ಕಪ್ಪು" ಎನ್ನುತ್ತಿದ್ದ. ಛತ್ರಿಯ ಒಡೆಯ ಮಾತ್ರ ತಡವರಿಸುತ್ತಿದ್ದ. "ಕಪ್ಪು ಇರಬೇಕು... ಕಂದು ಇದ್ದರೂ ಇರಬಹುದು... ಮೇಡಂ, ನಾನು ಅದನ್ನ ಸರಿಯಾಗಿ ನೋಡೇ ಇಲ್ಲ, ಸುಮ್ಮನೆ ಹಿಡಕೊಂಡು ತಿರುಗ್ತಿದ್ದೆ." ಅಂಥವನಿಗೆ ನಾನು ಕಣ್ಣು ಮುಚ್ಚಿ ಛತ್ರಿ ಕೊಟ್ಟುಬಿಡುತ್ತಿದ್ದೆ. ತನ್ನದಾದವನು ತಡವರಿಸುತ್ತಾನೆ. ಅಷ್ಟು ವರ್ಷದಲ್ಲಿ ಈ ಲೆಕ್ಕ ತಪ್ಪಿದ್ದು ಕಡಿಮೆ.

ಗುಬ್ಬಿ ತಡವರಿಸುವುದನ್ನು ಬಿಟ್ಟಿದ್ದಳು. ನಾನು ಸಣ್ಣ ತಗಡಿನ ಡಬ್ಬಿಯಲ್ಲಿ ಏನಾದರೂ ಹಾಕಿ ಕೈಗಿಟ್ಟರೆ, ಒಮ್ಮೆ ಮೂಗಿನ ಬಳಿ ಒಯ್ದು ತಟಕ್ಕನೆ "ಲವಂಗ" ಎನ್ನುತ್ತಿದ್ದಳು. "ಗುಂಡಿ. ಅಣ್ಣನ ಹಳೇ ಕೋಟಿನದ್ದು." "ಸೀಮೆಸುಣ್ಣ." ಎಲ್ಲ ಸರಿ. ಮೊದಲಿನ "ತಡಿ, ತಡಿ" ಎಲ್ಲಿ ಹೋಯಿತು? ಮಫ್ಲರಿನ ಕೆಳಗಿನಿಂದ ಕದ್ದು ನೋಡುತ್ತಿದ್ದಾಳೆ ಎಂದುಕೊಂಡು ಎರಡು ಸುತ್ತು ಬಿಗಿದು ಕಟ್ಟಿದೆ.

"ಅತ್ತಿಗೆ, ಕಣ್ಣು ಕಟ್ಟಿ ಅಂದೆ, ಕತ್ತು ಹಿಸುಕಿ ಅನ್ನಲಿಲ್ಲ."

"ನೀನು ಕಳ್ಳಿ ಕಣೇ."

"ಮೂವತ್ತು ವರ್ಷ ಇದೇ ಕೆಲಸ ಮಾಡಿದವಳನ್ನ ಕಳ್ಳಿ ಅಂತೀರಾ?"

ಬಿಗಿದರೂ ಸರಿಯಾಗಿಯೇ ಹೇಳಿದಳು. ಆಗ ನನ್ನ ಕಣ್ಣು ಅವಳ ಕೈಯ ಮೇಲೆ ಹೋಯಿತು. ಡಬ್ಬಿಯನ್ನು ಮೂಗಿಗೆ ಒಯ್ಯುವ ದಾರಿಯಲ್ಲಿ ಹೆಬ್ಬೆರಳಿನಿಂದ ಒಂದು ಸಣ್ಣ ಅಲುಗಾಟ. ಒಳಗಿನದು ಕಟಕಟ ಎನ್ನುತ್ತದೆಯೇ, ಸರಸರ ಎನ್ನುತ್ತದೆಯೇ ಎಂದು ಕೇಳಿಸಿಕೊಳ್ಳುತ್ತಿದ್ದಳು. ಎಲ್ಲ ಬಲ್ಲ ಮೂಗಿರುವವಳು ಕಿವಿಯನ್ನೇಕೆ ಕರೆಯುತ್ತಾಳೆ?

ಅನುಮಾನ ಒಂದು ಸಲ ಒಳಗೆ ಬಂದರೆ ಬಾಡಿಗೆ ಕೊಡದ ನೆಂಟನ ಹಾಗೆ, ಎಲ್ಲ ಕೋಣೆಗೂ ಹೋಗಿ ಕೂರುತ್ತದೆ. ಅವಳು ಹೊರಬಂದ ಮೇಲೆ ಅಡುಗೆಯ ರುಚಿಗೆ ಒಂದು ಮಾತೂ ಆಡಿಲ್ಲ ಎಂದು ನೆನಪಾಯಿತು. ಉಪ್ಪು ಹೆಚ್ಚಾದರೆ ಮೂರು ಹೊತ್ತು ಆಡಿಕೊಳ್ಳುವವಳು ಅವಳು. ಇಷ್ಟು ಚಳಿಯಲ್ಲೂ ತನ್ನ ಕೋಣೆಯ ಕಿಟಕಿ ತೆರೆದೇ ಇಡುತ್ತಿದ್ದಳು. ಕೇಳಿದರೆ "ಗಾಳಿ" ಎನ್ನುತ್ತಿದ್ದಳು.

ಆಮೇಲೆ ಆ ಫೋನು. ನಮ್ಮ ಅಡುಗೆಮನೆಯ ಕಿಂಡಿ ಅವಳ ಕೋಣೆಯ ಬಾಲ್ಕನಿಗೆ ತೆರೆದುಕೊಳ್ಳುತ್ತದೆ. ಕದ್ದು ಕೇಳಬೇಕೆಂದು ನಿಂತಿರಲಿಲ್ಲ, ಲೋಟ ಒರೆಸುತ್ತಿದ್ದೆ. ಕೇಳಿಸಿದ ಮೇಲೆ ಒರೆಸಿದ ಲೋಟವನ್ನೇ ಮತ್ತೆ ಒರೆಸಿದೆ, ಅದು ನಿಜ.

"ಮೂರನೇದು ನೋಡಪ್ಪ" ಎನ್ನುತ್ತಿದ್ದಳು ಗುಬ್ಬಿ, ಗತ್ತಿನ ದನಿಯಲ್ಲಿ, "ಮೇಲ್ಮೇಲೆ ಚೆನ್ನಾಗಿದೆ. ಹಿಂದಿನಿಂದ ಒಂದು ಮುಗ್ಗಲು ಬರುತ್ತೆ. ರಜೆ ಮುಗಿದ ಮೇಲೆ ಮೊದಲನೇ ದಿನ ಬಾಗಿಲು ತೆಗೆದ ತರಗತಿ ಇದ್ದ ಹಾಗೆ. ಜನಕ್ಕೆ ಅದು ಬೇಡ."

ರಜೆ ಮುಗಿದ ಮೇಲೆ ಬಾಗಿಲು ತೆಗೆದ ತರಗತಿ. ಹಿಂದಿನ ದಿನ ಮಫ್ಲರು ಕಟ್ಟಿಕೊಂಡು ನಾನು ಹೇಳಿದ ಮಾತು ಅದು. ಅಕ್ಷರಶಃ ನನ್ನದು. ನಾನು ಓದಿದ ಶಾಲೆ, ನನ್ನ ಮೊದಲ ಬೆಂಚು. ಲೋಟ ಕೆಳಗಿಟ್ಟೆ.

ಮರುದಿನ ಒಂದು ಬಲೆ ಹಾಕಿದೆ. ಬಟ್ಟೆಯ ಕಪಾಟಿನಿಂದ ನುಸಿಗುಳಿಗೆ ತೆಗೆದು ಕುಟ್ಟಿ ಪುಡಿ ಮಾಡಿ, ಹಲ್ಲುಕಡ್ಡಿಗಳನ್ನು ಮುರಿದು ಅದರಲ್ಲಿ ಚೆನ್ನಾಗಿ ಹೊರಳಾಡಿಸಿ, ಡಬ್ಬಿಗೆ ಹಾಕಿದೆ. ಮುಚ್ಚಳ ಹಾಕಿದ್ದರೂ ಘಾಟು ನನ್ನ ಕಣ್ಣಿಗೆ ಬರುತ್ತಿತ್ತು. ಗುಬ್ಬಿಯ ಕೈಗಿಟ್ಟೆ. ಅವಳು ಹೆಬ್ಬೆರಳಿನಿಂದ ಅಲುಗಿಸಿದಳು, ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು, ನಕ್ಕಳು.

"ಇಷ್ಟು ಸುಲಭದ್ದಾ? ಬೆಂಕಿಕಡ್ಡಿ. ಗಂಧಕದ ವಾಸನೆ ಮೂಗಿಗೆ ಹೊಡೀತಿದೆ."

ನನ್ನ ಕಣ್ಣಲ್ಲಿ ನೀರು ಬಂದಿತ್ತು. ನುಸಿಗುಳಿಗೆಯ ಘಾಟಿಗೇ ಇರಬೇಕು.

"ಸರಿನಾ ಅತ್ತಿಗೆ?"

"ಸರಿ" ಎಂದೆ.

ಅಂದು ಸಂಜೆಯೆಲ್ಲ ಕೂಡಿ ಕಳೆದು ನೋಡಿದೆ. ಮೂಗು ಹೋಗಿದೆ. ಎಂದರೆ ಕಾಯಿಲೆ ಬಂದಿತ್ತು. ಸೊಂಟವೂ ಇಲ್ಲ, ಮುನಿಸೂ ಇಲ್ಲ. ಉಬ್ಬಸದವಳು ನಾನು, ಕಾಯಿಲೆ ತಗುಲಿದರೆ ಎದ್ದು ಕೂರುವುದೇ ಕಷ್ಟ ಎಂದು ಡಾಕ್ಟರೇ ಹೇಳಿದ್ದರು. ಅಂಥವಳ ಜೊತೆ ಒಂದೇ ಸೂರಿನಡಿ ಇದ್ದುಕೊಂಡು ನನಗೇ ಮುಚ್ಚಿಟ್ಟಳು. ಅದರ ಮೇಲೆ ನನ್ನ ಮೂಗನ್ನು ನನಗೆ ಹೇಳದೆ ಕಾರ್ಖಾನೆಗೆ ದುಡಿಸಿದಳು. ಆಟವಂತೆ, ಬೇಜಾರಂತೆ. ನಾನು ಬಾಯಿಬಿಟ್ಟು ನಗುತ್ತ ನನ್ನ ಶಾಲೆ, ನನ್ನ ಚಪ್ಪಲಿ ಅಂಗಡಿ ಎಲ್ಲವನ್ನೂ ಅವಳ ಕೈಗೆ ಕೊಟ್ಟಿದ್ದೆ.

ಅಷ್ಟರಲ್ಲಿ ಆ ವಾರದ ಪೆಟ್ಟಿಗೆ ಬಂತು. ಅದರಲ್ಲಿ ಎರಡೇ ಸೀಸೆ. ಒಂದರ ಮುಚ್ಚಳ ನೀಲಿ, ಇನ್ನೊಂದರದ್ದು ಬಿಳಿ. ಊಟ ಮಾಡುತ್ತ ಗುಬ್ಬಿಯೇ ಹೇಳಿದಳು. "ಎರಡರಲ್ಲಿ ಒಂದನ್ನ ಆರಿಸಬೇಕು. ನಾಳೆ ಸಂಜೆ ಸೀನಣ್ಣ ಫೋನ್ ಮಾಡ್ತಾನೆ. ನಾನು ಹೇಳಿದ್ದನ್ನೇ ಮಾಡ್ತಾರಂತೆ. ತಪ್ಪಾದರೆ ಲಾರಿಗಟ್ಟಲೆ ಸಾಬೂನು ವಾಪಸ್ ಬರುತ್ತೆ ಅತ್ತಿಗೆ. ಅವನು ನನ್ನ ಹೆಸರು ಹೇಳಿ ಮೇಲಿನವರ ಹತ್ತಿರ ಗೆದ್ದಿದ್ದಾನೆ. ಮರ್ಯಾದೆ ಪ್ರಶ್ನೆ." ತುತ್ತನ್ನು ತಟ್ಟೆಯಲ್ಲೇ ಉರುಳಿಸುತ್ತಿದ್ದಳು.

ನನ್ನೊಳಗೆ ಒಂದು ಕೆಟ್ಟ ಯೋಚನೆ ಎದ್ದಿತು, ಮರೆಮಾಚುವುದಿಲ್ಲ. ನಾಳೆ ಕೆಟ್ಟದ್ದನ್ನು ಒಳ್ಳೆಯದೆಂದು ಹೇಳಿದರೆ? ನನ್ನ ಮಾತನ್ನೇ ಗಿಳಿಯಂತೆ ಒಪ್ಪಿಸುತ್ತಾಳಲ್ಲ, ಒಪ್ಪಿಸಲಿ.

ಮರುದಿನ ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಅವಳ ಕೋಣೆಗೆ ಹೋದೆ. ಗುಡಿಸುವ ನೆಪ ಕೈಯಲ್ಲೇ ಇತ್ತು. ಅನುಮಾನಕ್ಕೆ ಪುರಾವೆ ಬೇಕಲ್ಲ. ಬಾಗಿಲ ಹಿಂದೆ ಆ ಟವೆಲ್ಲು ಇನ್ನೂ ಇತ್ತು, ಹುರಿ ಮಾಡಿದ್ದು ಹಾಗೇ ಗಟ್ಟಿಯಾಗಿ. ಮಂಚದ ಕೆಳಗೆ ಕಾಲುಚೀಲದೊಳಗೆ ಜ್ವರ ನೋಡುವ ಕಡ್ಡಿ. ಸಿಕ್ಕಿಬಿದ್ದೆ ನೀನು, ಎಂದುಕೊಂಡೆ. ಅದರ ಪಕ್ಕದಲ್ಲಿ ಒಂದು ಔಷಧಿ ಅಂಗಡಿಯ ಚೀಲ. ಒಳಗೆ ನನ್ನ ಉಬ್ಬಸದ ಪಂಪು, ಹೊಸದು, ಸೀಲು ಒಡೆಯದ್ದು.

ಪಂಪನ್ನು ಹಿಡಿದುಕೊಂಡು ಅವಳ ಮಂಚದ ಮೇಲೆ ಕೂತೆ. ನೆನಪಾಯಿತು. ಅವಳು ಬಾಗಿಲು ಹಾಕಿಕೊಳ್ಳುವುದಕ್ಕೆ ಕೆಲವು ದಿನ ಮೊದಲು ನನ್ನ ಪಂಪು ಮುಗಿದಿತ್ತು. ಹತ್ತಿರದ ಅಂಗಡಿಯಲ್ಲಿ ಇರಲಿಲ್ಲ. ಇವಳು ಕೊಡೆ ಹಿಡಿದು ಹೋದವಳು ಕತ್ತಲಾಗುವ ಹೊತ್ತಿಗೆ ಬಂದಳು. ಆಸ್ಪತ್ರೆಯ ಪಕ್ಕದ ಅಂಗಡಿಯ ಮುಂದೆ, ಕೆಮ್ಮುವ ಜನರ ಸಾಲಿನಲ್ಲಿ ನಿಂತಿದ್ದಳಂತೆ. "ಸಾಲು ಚಿಕ್ಕದಿತ್ತು" ಎಂದಿದ್ದಳು. ಅಂದು ನನ್ನ ಕೈಗೆ ಒಂದು ಪಂಪು ಕೊಟ್ಟಳು. ಎರಡು ತಂದಿದ್ದಳು ಎಂದು ಈಗ ಗೊತ್ತಾಯಿತು. ನನಗೆ ಮತ್ತೆ ಬೇಕಾದಾಗ ಆ ಸಾಲಿನ ಮಾತೇ ಬರಬಾರದು ಎಂದಿರಬೇಕು.

ಹಾಗೆಂದು ಅನುಮಾನ ಒಮ್ಮೆಲೇ ಎದ್ದು ಹೋಗಲಿಲ್ಲ. ಕಾಳಜಿ ಇರುವವಳು ಹೇಳಬೇಕಿತ್ತಲ್ಲ? ಮೂಗಿನ ವಿಷಯಕ್ಕಂತೂ ಪಂಪು ಉತ್ತರವಲ್ಲ. ಚೀಲವನ್ನು ಇದ್ದಲ್ಲೇ ಇಟ್ಟು ಬಂದೆ.

ಮಧ್ಯಾಹ್ನ ಅವಳೇ ಮಫ್ಲರು ತಂದಳು. ಹೀಟರನ್ನು ನನ್ನ ಕಡೆ ತಿರುಗಿಸಿದಳು. ಈ ಸಲ ನಾನು ತಿರುಗಿಸಲಿಲ್ಲ.

"ಇವತ್ತು ಎರಡೇ" ಎಂದಳು. "ನಿಧಾನವಾಗಿ ಹೇಳಿ ಅತ್ತಿಗೆ. ಅವಸರ ಇಲ್ಲ."

ಮೊದಲನೆಯ ಪಟ್ಟಿ ಬಂತು. ಹೂವಿನ ಅಂಗಡಿಯೇ ಬಂದು ಮುಖದ ಮುಂದೆ ನಿಂತ ಹಾಗೆ, ಭರ್ಜರಿ. ಆದರೆ ಹೂವಿನ ಅಂಗಡಿಯ ಹಿತ್ತಲೂ ಸ್ವಲ್ಪ ಹೊತ್ತಿಗೆ ಬಂತು. ನೀರಲ್ಲಿ ನೆನೆದು ಕೊಳೆತ ದಂಟು. ಎರಡನೆಯದರಲ್ಲಿ ಅಂಥ ಅಬ್ಬರವೇನೂ ಇರಲಿಲ್ಲ. ಬಿಸಿಲಲ್ಲಿ ಒಣಗಿದ ಟವೆಲ್ಲನ್ನು ಮಡಿಸಿ ಕೊಟ್ಟ ಹಾಗೆ. ಮತ್ತೆ ಮತ್ತೆ ಮೂಸಿದೆ, ಟವೆಲ್ಲು ಟವೆಲ್ಲೇ ಆಗಿ ಉಳಿಯಿತು.

"ಹೇಳಿ, ಎಲ್ಲಿಗೆ ಹೋದಿರಿ?"

ಸುಳ್ಳು ನಾಲಗೆಯ ತುದಿಯಲ್ಲಿತ್ತು. ಮೊದಲನೆಯದೇ ಚೆನ್ನ ಎಂದರೆ ಮುಗಿಯಿತು. ಮಫ್ಲರಿನ ಕತ್ತಲೆಯಲ್ಲಿ ಅವಳ ಉಸಿರು ಕೇಳುತ್ತಿತ್ತು, ಪರೀಕ್ಷೆಯ ಫಲಿತಾಂಶದ ಮುಂದೆ ನಿಂತ ಮಗುವಿನ ಉಸಿರಿನ ಹಾಗೆ.

"ಗುಬ್ಬಿ" ಎಂದೆ, "ಜ್ವರ ಎಷ್ಟು ದಿನ ಇತ್ತೇ?"

ಉಸಿರು ನಿಂತಿತು. ಫ್ರಿಜ್ಜು ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು. ನಾನು ಮಫ್ಲರು ಬಿಚ್ಚಲಿಲ್ಲ. ಅವಳ ಮುಖ ನೋಡದೆ ಕೇಳುವುದು ನನಗೂ ಸುಲಭ, ಹೇಳುವುದು ಅವಳಿಗೂ ಸುಲಭ ಎನಿಸಿತು.

"ನಾಲ್ಕು ದಿನ" ಎಂದಳು ಕೊನೆಗೆ. "ಯಾವಾಗ ಗೊತ್ತಾಯ್ತು?"

"ನಿನ್ನ ಬೆಂಕಿಕಡ್ಡಿ ನುಸಿಗುಳಿಗೆಯಲ್ಲಿ ಸ್ನಾನ ಮಾಡಿತ್ತು."

"ಅಯ್ಯೋ" ಎಂದಳು, ಸಣ್ಣಗೆ. ಆಮೇಲೆ, "ಅಷ್ಟು ಘಾಟಿಗೂ ಬರಲಿಲ್ಲವಾ?" ತನ್ನ ಮೂಗನ್ನು ತಾನೇ ಮೂರನೆಯವರ ಹತ್ತಿರ ವಿಚಾರಿಸುವ ಹಾಗೆ.

"ಜ್ವರ ಬಂದಿದೆ ಅಂತ ಹೇಳಬಾರದಾಗಿತ್ತಾ? ನಾನು ಸತ್ತುಹೋಗ್ತೀನಿ ಅಂತಲಾ?"

"ನೀವು ಬಾಗಿಲು ತೆಗೆದು ಒಳಗೆ ಬರ್ತಿದ್ರಿ. ಬರ್ತಿರಲಿಲ್ಲ ಅನ್ನಿ ನೋಡೋಣ. ಹಣೆ ಮುಟ್ಟಿ, ಗಂಜಿ ಕುಡಿಸಿ, ಅದೆಲ್ಲ ಮಾಡ್ತಿದ್ರಿ. ಸಿಟ್ಟು ಮಾಡ್ಕೊಂಡರೆ ಮಾತ್ರ ನೀವು ಹತ್ತಿರ ಬರಲ್ಲ. ಅದು ನನಗೆ ಗೊತ್ತು."

ಹೀಟರಿನ ಜಗಳವನ್ನು ಅಂದು ಅವಳೇ ಎಳೆದು ದೊಡ್ಡದು ಮಾಡಿದ್ದಳೆಂದು ಆಗ ಹೊಳೆಯಿತು.

"ಪಂಪಿನ ಸಾಲಲ್ಲೇ ತಾನೇ ಅಂಟಿದ್ದು?"

"ಎಲ್ಲಿ ಅಂತ ಯಾರು ಕಂಡರು. ಬಿಡಿ."

"ಅದು ಬಿಟ್ಟೆ. ನನ್ನ ಮೂಗನ್ನ ಯಾಕೆ ಕದ್ದೆ?"

"ಪೆಟ್ಟಿಗೆ ಬಂತು. ಮುಚ್ಚಳ ತೆಗೆದೆ. ನೀರು ಮೂಸಿದ ಹಾಗೆ. ಇನ್ನೊಂದು ತೆಗೆದೆ, ಅದೂ ನೀರು. ನನ್ನನ್ನ ಕರೆದದ್ದೇ ಮೂಗಿಗೋಸ್ಕರ ಅತ್ತಿಗೆ, ಮೊಣಕಾಲಿಗೋಸ್ಕರ ಅಲ್ಲವಲ್ಲ. ಅದೂ ಹೋಯ್ತು ಅಂದರೆ ನಾನು ಯಾರು? ಒಂದು ವಾರದ ಮಟ್ಟಿಗೆ ಅಂದುಕೊಂಡೆ. ಬಂದೇ ಬರುತ್ತೆ ಅಂತ. ಆಮೇಲೆ ನೀವು ಹೇಳೋದು ನಾನು ಹೇಳ್ತಿದ್ದದ್ದಕ್ಕಿಂತ ಚೆನ್ನಾಗಿರ್ತಿತ್ತು. ಸೀನಣ್ಣ 'ಅಮ್ಮ, ಈಚೆಗೆ ನಿಮ್ಮ ಮಾತು ಕಣ್ಣಿಗೆ ಕಟ್ಟುತ್ತೆ' ಅಂದ. ನಾನೂ ಹೂಂ ಅಂದೆ."

ಇದನ್ನು ಕೇಳಿ ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ಆಗಬಾರದಿತ್ತು, ಆಯಿತು. ಮಫ್ಲರು ಬಿಚ್ಚಿದೆ. ಅವಳು ಎರಡು ಪಟ್ಟಿಗಳನ್ನು ಎರಡು ಕೈಯಲ್ಲಿ ಹಿಡಿದು, ಶಾಲೆಯಲ್ಲಿ ಶಿಕ್ಷೆಗೆ ನಿಂತವಳ ಹಾಗೆ ಕೂತಿದ್ದಳು.

"ಬಿಳಿ ಮುಚ್ಚಳದ್ದು" ಎಂದೆ. "ನೀಲಿಯಲ್ಲಿ ಕೊಳೆತ ದಂಟು ಇದೆ. ಬಿಳಿಯದು ಬಿಸಿಲಲ್ಲಿ ಒಣಗಿದ ಟವೆಲ್ಲು. ಸುಳ್ಳು ಹೇಳಬೇಕು ಅಂತಲೇ ಕೂತಿದ್ದೆ, ತಿಳಕೋ."

"ಹೇಳಬಹುದಿತ್ತು."

"ಹೇಳಬಹುದಿತ್ತು."

ಫೋನು ಬಂದಾಗ ಅವಳು ಎದ್ದು ಬಾಲ್ಕನಿಗೆ ಹೋಗಲಿಲ್ಲ. ಮೇಜಿನ ಮೇಲೆ, ನಮ್ಮಿಬ್ಬರ ನಡುವೆ ಇಟ್ಟು, ಧ್ವನಿ ದೊಡ್ಡದು ಮಾಡಿದಳು. ಅವಳು ಏನು ಹೇಳುತ್ತಾಳೆಂದು ನನಗೂ ಗೊತ್ತಿರಲಿಲ್ಲ. ಟವೆಲ್ಲಿನ ಮಾತನ್ನು ಒಪ್ಪಿಸಿ ಇಟ್ಟುಬಿಡಬಹುದಿತ್ತು, ನಾನು ತಡೆಯುತ್ತಿರಲಿಲ್ಲ.

"ಹೇಳಿ ಅಮ್ಮ, ನೀಲಿನಾ ಬಿಳಿನಾ?"

"ಬಿಳಿ. ಆದರೆ ಕೇಳಪ್ಪ, ಆರಿಸಿದ್ದು ನಾನಲ್ಲ. ನಮ್ಮ ಅತ್ತಿಗೆ. ಹಿಂದಿನ ಪೆಟ್ಟಿಗೆಗಳೂ ಅಷ್ಟೇ. ನನ್ನ ಮೂಗು ಹೋಗಿ ತುಂಬ ದಿನ ಆಯ್ತು. ನಿನಗೆ ಹೇಳಲಿಲ್ಲ. ತಪ್ಪಾಯ್ತು."

ಆ ಕಡೆ ಎಷ್ಟು ಹೊತ್ತು ಸದ್ದಿಲ್ಲವೆಂದರೆ ಫೋನು ಕಟ್ಟಾಯಿತೇನೋ ಎಂದು ನಾನು ಬಗ್ಗಿ ನೋಡಿದೆ. ಆಮೇಲೆ ಅವನು ಸೀನಿದ. ಮತ್ತೊಂದು. ಗುಬ್ಬಿ ಕಣ್ಣು ಮುಚ್ಚಿಕೊಂಡಳು.

"ಅತ್ತಿಗೆಯವರು ಇದ್ದಾರಾ?" ಎಂದ.

"ಇದ್ದೀನಿ" ಎಂದೆ.

"ನೀಲಿ ಯಾಕೆ ಬೇಡ ಮೇಡಂ?"

ಹೇಳಿದೆ. ಇನ್ನೆರಡು ಪ್ರಶ್ನೆ ಕೇಳಿದ. ಅದಕ್ಕೂ ಹೇಳಿದೆ. "ಸರಿ" ಎಂದ. "ಅಮ್ಮ, ನಾನು ಇದನ್ನ ಮೇಲಿನವರಿಗೆ ಹೇಳಲೇಬೇಕು. ಇನ್ನು ಪೆಟ್ಟಿಗೆ ಕಳಿಸೋಕಾಗಲ್ಲ." ದನಿಯಲ್ಲಿ ಸಿಟ್ಟಿತ್ತೋ, ಬೇಸರವಿತ್ತೋ ನನಗೆ ತಿಳಿಯಲಿಲ್ಲ.

"ಕಳಿಸಬಾರದು ಕೂಡ" ಎಂದಳು ಗುಬ್ಬಿ. ಫೋನು ಇಟ್ಟ ಮೇಲೆ ಎದ್ದು ಹೋಗಿ ಖಾಲಿ ಮರದ ಪೆಟ್ಟಿಗೆಯಲ್ಲಿ ಎರಡು ಸೀಸೆಗಳನ್ನೂ ಹತ್ತಿ ಸುತ್ತಿ ಇಟ್ಟಳು. ಬೇಕಾದ್ದಕ್ಕಿಂತ ಹೆಚ್ಚು ಹತ್ತಿ ಸುತ್ತಿದಳು.

ಆಮೇಲಿನ ದಿನಗಳು ಸಪ್ಪೆ. ಅವಳು ಕಿಟಕಿಯ ಬಳಿ ಕೂರುತ್ತಿರಲಿಲ್ಲ. ಬೇಕಂತಲೇ ಉಪ್ಪು ಹೆಚ್ಚು ಹಾಕಿ ನೋಡಿದೆ, ಮಾತಾಡದೆ ತಿಂದಳು. ನಾನು ಮೂಗು ತೂರಿಸದೆ ಇದ್ದಿದ್ದರೆ ಅವಳ ಪೆಟ್ಟಿಗೆಗಳು ಬರುತ್ತಲೇ ಇರುತ್ತಿದ್ದವಲ್ಲ ಎಂದು ನನಗೆ ನಿದ್ದೆ ಹತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬೆಲ್ಲಾಯಿತು. ಬಾಗಿಲು ತೆಗೆದರೆ ಕಂಬಿಗೂ ಗೋಡೆಗೂ ನಡುವೆ ಮರದ ಪೆಟ್ಟಿಗೆ.

"ಲೆಕ್ಕ ಚುಕ್ತಾ ಮಾಡಿ ಕಳಿಸಿರ್ತಾರೆ" ಎಂದಳು ಗುಬ್ಬಿ, ಮುಟ್ಟದೆ. "ನೀವೇ ತೆಗೀರಿ."

ಒಳಗೆ ನಾಲ್ಕು ಸೀಸೆ. ಮುಚ್ಚಳಕ್ಕೆ ಬಣ್ಣವಿಲ್ಲ, ಗಾಜು ಬಳಸಿ ಬಳಸಿ ಮಾಸಿದ್ದು. ಗುಬ್ಬಿ ಒಂದನ್ನೆತ್ತಿ ಬೆಳಕಿಗೆ ಹಿಡಿದಳು. ಹೊಸದಾಗಿ ಕೆಲಸಕ್ಕೆ ಸೇರಿದವರ ಮೂಗು ಪಳಗಿಸುವ ಸೀಸೆಗಳಂತೆ ಅವು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ದಿನವೂ ಬೆಳಗ್ಗೆ ಸಂಜೆ ಅವನ್ನೇ ಮೂಸಬೇಕು. ಸೀನಣ್ಣನಿಗೆ ಮೊದಲ ವರ್ಷ ಇವಳು ಕೊಟ್ಟದ್ದೂ ಅವೇ ನಾಲ್ಕು.

"ಕತ್ತೆ" ಎಂದಳು ಗುಬ್ಬಿ. ಸೀಸೆಯ ತಳವನ್ನು ಸೆರಗಿನಿಂದ ಒರೆಸಿದಳು.

ಅಂದಿನಿಂದ ಆಟ ಮತ್ತೆ ಶುರುವಾಯಿತು, ಯಾರಿಗೂ ಫೋನು ಮಾಡಿ ಹೇಳಬೇಕಾಗಿಲ್ಲದ ಆಟ. ಬೆಳಗ್ಗೆ ಸಂಜೆ ಸೀಸೆಗಳು, ಮಧ್ಯಾಹ್ನ ಡಬ್ಬಿ. ಅವಳು ಅಲುಗಿಸುವುದನ್ನು ಬಿಟ್ಟಳು. "ಗೊತ್ತಿಲ್ಲ" ಎನ್ನುತ್ತಿದ್ದಳು. ದಿನವೂ ಅದೇ. ಒಂದೊಂದು ದಿನ ನನ್ನ ಸಮಾಧಾನಕ್ಕೆ ಏನೋ ಒಂದು ಊಹಿಸಿ ಹೇಳುತ್ತಿದ್ದಳು. ತಟಕ್ಕನೆ ಹೇಳುತ್ತಿದ್ದಳಾದ್ದರಿಂದ ಅದು ಸುಳ್ಳೆಂದು ನನಗೆ ತಿಳಿಯುತ್ತಿತ್ತು.

ಚಳಿ ಸಡಿಲುತ್ತಿದ್ದ ಒಂದು ದಿನ, ಎದುರಿನ ಅಂಗಡಿಯವನು ಮೊದಲ ಬಾರಿಗೆ ಅರ್ಧ ಬಾಗಿಲೆತ್ತಿ ಗೊಂಬೆಯ ಧೂಳು ಒರೆಸುತ್ತಿದ್ದ. ನಾನು ಕಿತ್ತಳೆ ಸಿಪ್ಪೆಯನ್ನು ಸದ್ದಾಗದ ಹಾಗೆ ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಅವಳ ಕೈಗೆ ಕೊಟ್ಟೆ. ಮಫ್ಲರು ಕಟ್ಟಿಕೊಂಡಿದ್ದಳು, ಸಡಿಲವಾಗಿಯೇ.

ಮೂಗಿನ ಹತ್ತಿರ ಹಿಡಿದಳು. ಇಳಿಸಿದಳು. ಮತ್ತೆ ಹಿಡಿದಳು. ಹುಬ್ಬು ಗಂಟಾಯಿತು.

"ತಡಿ" ಎಂದಳು.

ನಾನು ತಡೆದೆ.

"ಕಿತ್ತಳೆ... ಇರಬೇಕಾ? ಅಲ್ಲ, ಅಷ್ಟು ಸಿಹಿ ಇಲ್ಲ. ದೂರದಲ್ಲಿದೆ ಅತ್ತಿಗೆ, ಪಕ್ಕದ ಮನೆಯಲ್ಲಿ ಯಾರೋ ಸುಲೀತಿರೋ ಹಾಗೆ. ಇದ್ದರೂ ಇರಬಹುದು. ಸರಿಯಾಗಿ ಗೊತ್ತಾಗ್ತಿಲ್ಲ."

ಬೆಳಗ್ಗೆ ಬುಟ್ಟಿಯಲ್ಲಿ ಕಿತ್ತಳೆ ಇದ್ದದ್ದನ್ನು ಅವಳು ನೋಡಿರಬಹುದು. ಹತ್ತಿಯೊಳಗಿನ ತೂಕ ಕೈಗೆ ತಿಳಿದಿರಬಹುದು. ಅನುಮಾನಕ್ಕೆ ಬೇಕಾದದ್ದೆಲ್ಲ ಅಲ್ಲೇ ಇತ್ತು. ಆದರೆ ನಾನು ಹಳೆಯ ಕಚೇರಿಯವಳು. ಛತ್ರಿಯನ್ನು ಕೊಟ್ಟುಬಿಟ್ಟೆ.

"ನಿನ್ನದೇ ಕಣೇ" ಎಂದೆ.

"ಏನು ನನ್ನದು? ಕಿತ್ತಳೆನಾ?"

"ಮಫ್ಲರ್ ಬಿಚ್ಚು" ಎಂದೆ, ಎದ್ದು ಹೀಟರನ್ನು ಅವಳ ಕಡೆ ತಿರುಗಿಸಿದೆ.